ಗರ್ಭಿಣಿಯ ಸೋಂಕು, ಉರಿಯೂತ ಮತ್ತು ಶಿಶುವಿನ ಮಿದುಳು

1964ರಲ್ಲಿ ಅಮೆರಿಕದಲ್ಲಿ ರುಬೆಲ್ಲಾ ಸೋಂಕು ವ್ಯಾಪಕವಾಗಿ ಹರಡಿತು. ಗರ್ಭಿಣಿಯರಿಗೆ ಅದು ಸಣ್ಣ ಜ್ವರ, ಮೈಮೇಲೆ ಒಂದಿಷ್ಟು ದದ್ದು, ಅಷ್ಟೇ. ಆದರೆ ಅದರ ಪರಿಣಾಮವಾಗಿ ಸುಮಾರು 20,000 ಶಿಶುಗಳು ಕಿವುಡುತನ, ಕಣ್ಣಿನ ಪೊರೆ, ಹೃದಯದೋಷ ಮುಂತಾದ ತೊಂದರೆಗಳೊಡನೆ ಜನಿಸಿದವು. ಇಂತಹ 243 ಮಕ್ಕಳನ್ನು ಪರಿಶೀಲಿಸಿದ ನ್ಯೂಯಾರ್ಕಿನ ಮನೋವೈದ್ಯೆ ಸ್ಟೆಲ್ಲಾ ಚೆಸ್ ಅವರು, ಅವರಲ್ಲಿ ಆಟಿಸಂ ಸಾಮಾನ್ಯಕ್ಕಿಂತ ಬಹಳ ಹೆಚ್ಚಾಗಿದೆಯೆಂದು 1971ರಲ್ಲಿ ವರದಿ ಮಾಡಿದರು.

ರುಬೆಲ್ಲಾ ವೈರಾಣು ಮಾಸನ್ನು ದಾಟಿ ಭ್ರೂಣವನ್ನೇ ಸೇರುತ್ತದೆ. ಫ್ಲೂ ಮುಂತಾದ ಅನೇಕ ಸೋಂಕುಗಳ ರೋಗಾಣು ಭ್ರೂಣವನ್ನು ಮುಟ್ಟುವುದು ಅಪರೂಪ. ಹಾಗಿದ್ದರೂ ಮಗುವಿನ ಮಿದುಳಿಗೆ ಅಪಾಯವೇಕೆ? ಇದಕ್ಕೆ ಉತ್ತರ ತಾಯಿಯ ದೇಹದ ರಕ್ಷಣಾ ವ್ಯವಸ್ಥೆಯಲ್ಲಿದೆ. ರೋಗಾಣುವಿನೊಡನೆ ಹೋರಾಡುವಾಗ ರಕ್ತದಲ್ಲಿ ಕೆಲವು ರಾಸಾಯನಿಕ ಸಂದೇಶಗಳು ಏರುತ್ತವೆ, ಇದೇ ಉರಿಯೂತ. 2007ರಲ್ಲಿ ಕ್ಯಾಲಿಫೋರ್ನಿಯಾದ ಪಾಲ್ ಪ್ಯಾಟರ್ಸನ್ ಅವರ ತಂಡವು ಯಾವ ರೋಗಾಣುವೂ ಇಲ್ಲದೆ, ಇಂಟರ್‌ಲ್ಯೂಕಿನ್-6 ಎಂಬ ಒಂದೇ ಸಂದೇಶವಸ್ತುವನ್ನು ಗರ್ಭಿಣಿ ಇಲಿಗಳಿಗೆ ನೀಡಿತು. ಮರಿಗಳ ವರ್ತನೆ ಬದಲಾಯಿತು. ವೈರಾಣು ಸೋಂಕನ್ನು ಅನುಕರಿಸುವ ವಸ್ತುವಿನೊಡನೆ, ಆ ಸಂದೇಶವನ್ನು ತಡೆಯುವ ಪ್ರತಿಕಾಯವನ್ನೂ ಕೊಟ್ಟಾಗ ಮರಿಗಳು ಬಹುಮಟ್ಟಿಗೆ ಸಹಜವಾಗಿದ್ದವು.

ಇಲಿಯ ಫಲಿತಾಂಶವನ್ನು ಮನುಷ್ಯರಿಗೆ ಹಾಗೆಯೇ ಅನ್ವಯಿಸಲಾಗದು. 2010ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಆರೋಗ್ಯ ದಾಖಲೆಗಳ ಅಧ್ಯಯನದಲ್ಲಿ, ಮೊದಲ ಮೂರು ತಿಂಗಳಲ್ಲಿ ವೈರಾಣು ಸೋಂಕಿನಿಂದ ಆಸ್ಪತ್ರೆ ಸೇರುವಷ್ಟು ಕಾಯಿಲೆ ಬಿದ್ದವರ ಮಕ್ಕಳಲ್ಲಿ ಆಟಿಸಂ ಸಂಭವ ಹೆಚ್ಚಾಗಿ ಕಂಡಿತು. ಗರ್ಭಾವಧಿಯ ಎಲ್ಲ ಸೋಂಕುಗಳನ್ನೂ ಒಟ್ಟಾಗಿ ನೋಡಿದಾಗ ಅಂತಹ ಸಂಬಂಧ ಕಾಣಲಿಲ್ಲ. ಗರ್ಭಾವಸ್ಥೆಯಲ್ಲಿ ಜ್ವರ ಬಂದ ಬಹುಪಾಲು ತಾಯಂದಿರ ಮಕ್ಕಳು ಆರೋಗ್ಯವಾಗಿಯೇ ಬೆಳೆಯುತ್ತಾರೆ. ಆಟಿಸಂಗೆ ಆನುವಂಶಿಕ ಕಾರಣಗಳೂ ಪ್ರಬಲವಾಗಿವೆ. ಆದುದರಿಂದ ವಿಶೇಷ ಚೇತನ ಮಗುವಿನ ತಾಯಿಯನ್ನು ದೂರುವವರಿಗೆ ಈ ಅಧ್ಯಯನಗಳು ಆಸರೆಯಾಗುವುದಿಲ್ಲ. ಗ್ರಾಮಸಭೆಯಲ್ಲಿ ಅಂತಹ ಮಾತು ಬಂದರೆ ಸದಸ್ಯರು ಅದನ್ನು ಅಲ್ಲಿಯೇ ತಡೆಯುವುದು ಉಚಿತ.

ಪಂಚಾಯಿತಿಯ ಪಾತ್ರ ಸೋಂಕಿನ ತಡೆಯಲ್ಲಿದೆ. ನೀರಿನ ಕ್ಲೋರಿನೀಕರಣ, ಚರಂಡಿಯ ಹೂಳು, ಸೊಳ್ಳೆಯ ತಾಣ ಇವು ಸದಸ್ಯರಿಗೆ ಪರಿಚಿತ ವಿಷಯಗಳು. ಅಷ್ಟಾಗಿ ಚರ್ಚೆಗೆ ಬಾರದಿರುವುದು ಮೂತ್ರನಾಳದ ಸೋಂಕು. ಗರ್ಭಿಣಿಯರಲ್ಲಿ ಇದು ಯಾವ ಲಕ್ಷಣವೂ ಇಲ್ಲದೆ ಇರಬಹುದು. ಚಿಕಿತ್ಸೆ ದೊರೆಯದಿದ್ದರೆ ಮೂತ್ರಪಿಂಡಕ್ಕೆ ಏರಿ ತೀವ್ರ ಜ್ವರ ತರಬಹುದು. ಪತ್ತೆಗೆ ಮೂತ್ರಪರೀಕ್ಷೆಯೇ ದಾರಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ನಡೆಯುವ ಗರ್ಭಿಣಿಯರ ಉಚಿತ ತಪಾಸಣೆಗೆ ದೂರದ ಹಾಡಿ, ತಾಂಡಾಗಳಿಂದ ಎಷ್ಟು ಮಂದಿ ಹೋದರೆಂಬುದನ್ನು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಆಶಾ ಕಾರ್ಯಕರ್ತೆಯಿಂದ ಕೇಳಿ ತಿಳಿಯಬಹುದು.

ರುಬೆಲ್ಲಾ ಲಸಿಕೆಯನ್ನು ಗರ್ಭಿಣಿಗೆ ನೀಡುವಂತಿಲ್ಲ. ರಕ್ಷಣೆ ಅದಕ್ಕೆ ಮೊದಲೇ ದೊರೆತಿರಬೇಕು. ಕರ್ನಾಟಕದಲ್ಲಿ 2017ರ ಫೆಬ್ರುವರಿಯಲ್ಲಿ ದಡಾರ–ರುಬೆಲ್ಲಾ ಅಭಿಯಾನ ಆರಂಭವಾಯಿತು. ಈಗ ಮೊದಲ ಡೋಸನ್ನು 9 ತಿಂಗಳು ತುಂಬಿದಾಗ, ಎರಡನೆಯದನ್ನು 16ರಿಂದ 24 ತಿಂಗಳೊಳಗೆ ಹಾಕಲಾಗುತ್ತದೆ. ವಲಸೆ ಹೋಗಿ ಮರಳಿದ ಕುಟುಂಬಗಳಲ್ಲಿ ಎರಡನೆಯ ಡೋಸು ತಪ್ಪಿರುವ ಸಾಧ್ಯತೆ ಹೆಚ್ಚು. ಅಂತಹ ಮನೆಗಳ ಪಟ್ಟಿ ಮಾಡಲು ವಾರ್ಡಿನ ಸದಸ್ಯರಿಗಿಂತ ಸಮರ್ಥರಿಲ್ಲ.