ಗಾಜಿನ ಮನೆಯ ಬಿಸುಪು

ಮಿತ್ರರೊಬ್ಬರೊಡನೆ ನಾವು ಬೆಂಗಳೂರಿನ ಹೊರವಲಯದ ನರ್ಸರಿಯೊಂದಕ್ಕೆ ಹೋಗಿದ್ದೆವು. ಕೆಡವಿದ ಮನೆಗಳ ಗಾಜಿನ ಕಿಟಕಿಗಳನ್ನು ಜೋಡಿಸಿ ಅಲ್ಲಿ ಎಳೆಯ ಸಸಿಗಳಿಗೊಂದು ಸೊಗಸಾದ ಮನೆಯನ್ನು ಕಟ್ಟಿದ್ದರು. ಒಳಹೊಕ್ಕೊಡನೆ ಮೈ ಬೆವರಿತು. ಮಿತ್ರರು ಕಾರಣ ಕೇಳಿದರು. “ಬಿಸಿಲನ್ನು ಒಳಬಿಡುವ ಗಾಜು, ನೆಲ ಸೂಸುವ ಉಷ್ಣಕಿರಣಗಳನ್ನು ಹೊರಬಿಡದು” ಎಂದೆವು. ತರಗತಿಯಲ್ಲಿ ನಾವು ಹೇಳುತ್ತಿದ್ದುದೂ ಇದನ್ನೇ.

ಅಷ್ಟರಲ್ಲಿ ಮಾಲಿ ಬಂದು ಮಾಡಿನ ಎರಡು ಕಿಟಕಿಗಳನ್ನು ತೆರೆದರು. ಕೆಲವೇ ನಿಮಿಷಗಳಲ್ಲಿ ಸೆಕೆ ಇಳಿಯಿತು. ಉಳಿದ ಗಾಜೆಲ್ಲ ಇದ್ದಲ್ಲಿಯೇ ಇತ್ತು!

ಅಮೆರಿಕದ ಭೌತವಿಜ್ಞಾನಿ ಆರ್. ಡಬ್ಲ್ಯೂ. ವುಡ್ ಅವರು 1909ರಲ್ಲಿ ಎರಡು ಪೆಟ್ಟಿಗೆಗಳನ್ನು ಬಿಸಿಲಿನಲ್ಲಿಟ್ಟು ಪರೀಕ್ಷಿಸಿದ್ದರು. ಒಂದರ ಮುಚ್ಚಳ ಗಾಜಿನದು. ಇನ್ನೊಂದರದು ಉಷ್ಣಕಿರಣಗಳನ್ನು ಹಾಯಗೊಡುವ ಸೈಂಧವ ಲವಣದ್ದು. ಬಿಸಿಲನ್ನು ಮೊದಲು ಗಾಜಿನ ಹಲಗೆಯೊಂದರ ಮೂಲಕ ಹಾಯಿಸಿದಾಗ, ಎರಡರ ಉಷ್ಣತೆಗಳಿಗೂ ಹೆಚ್ಚೆಂದರೆ ಒಂದು ಡಿಗ್ರಿಯ ಅಂತರ ಕಂಡಿತು.

ಆದುದರಿಂದ ಗಾಜಿನ ಮನೆಯ ಬಿಸುಪಿಗೆ ಮುಖ್ಯ ಕಾರಣವೆಂದರೆ, ಕಾದ ಗಾಳಿ ಮೇಲೇರಿ ಹೊರಹೋಗದಂತೆ ಗಾಜು ತಡೆಯುವುದು. ವಾತಾವರಣದ ‘ಹಸಿರುಮನೆ ಪರಿಣಾಮ’ ಸುಳ್ಳೆಂದು ಇದರ ಅರ್ಥವಲ್ಲ. ಅಲ್ಲಿ ನೀರಾವಿ, ಇಂಗಾಲದ ಡೈಆಕ್ಸೈಡ್‌ಗಳು ಉಷ್ಣಕಿರಣಗಳನ್ನು ನಿಜವಾಗಿಯೂ ಹೀರುತ್ತವೆ. ಹೆಸರು ಒಂದೇ, ಕ್ರಿಯೆ ಬೇರೆ. ನಮ್ಮ ಪಾಠವನ್ನು ನಾವು ತಿದ್ದಿಕೊಳ್ಳಬೇಕಾಯಿತು.