ಪ್ರಸಾದಿಸ್ಥಲವೂ ವಿಶೇಷ ಚೇತನ ಮಕ್ಕಳ ಪಾಲನೆಯೂ

ವೀರಶೈವ ಗೃಹಸ್ಥರ ಮನೆಯಲ್ಲಿ ಶಿಶು ಜನಿಸಿದಾಗ ಗುರುವಿನಿಂದ ಲಿಂಗಧಾರಣೆ ಮಾಡಿಸುವುದು ನಮ್ಮ ಸಂಪ್ರದಾಯ. ಗರ್ಭದ ಎಂಟನೆಯ ತಿಂಗಳಿನಲ್ಲಿಯೇ ತಾಯಿಯ ಮೂಲಕ ಈ ಸಂಸ್ಕಾರವನ್ನು ನೆರವೇರಿಸುವ ಮನೆತನಗಳೂ ಉಂಟು. ಇಲ್ಲಿ ವಿಚಾರಿಸತಕ್ಕ ಸಂಗತಿಯೊಂದಿದೆ. ಈ ಕೂಸು ಮುಂದೆ ಮಾತನಾಡೀತೇ, ನಡೆದೀತೇ, ಅಕ್ಷರ ಕಲಿತೀತೇ ಎಂದು ಆ ಹೊತ್ತಿನಲ್ಲಿ ಗುರುವು ಕೇಳುವುದಿಲ್ಲ. ಯೋಗ್ಯತೆಯ ಪರೀಕ್ಷೆಗೆ ಮೊದಲೇ ಲಿಂಗವು ಅಂಗವನ್ನು ಸೇರುತ್ತದೆ. ಹೀಗಿರಲು, ನಾಲ್ಕು ವರ್ಷಗಳ ತರುವಾಯ ವೈದ್ಯರು ‘ಮಗುವಿನ ಬುದ್ಧಿಯ ಬೆಳವಣಿಗೆ ಮಂದವಾಗಿದೆ’ ಎಂದ ಮಾತ್ರಕ್ಕೆ ಅದೇ ಕೂಸನ್ನು ನಾವು ಬೇರೆ ಕಣ್ಣಿನಿಂದ ನೋಡಬಹುದೇ?

ದುಃಖವೇ ಆಗಕೂಡದೆಂದು ನಾವು ಹೇಳುವುದಿಲ್ಲ. ಹೆತ್ತ ಕರುಳಿಗೆ ಅದು ಸಹಜ. ಆದರೆ ಆ ದುಃಖಕ್ಕೆ ನೆರೆಹೊರೆಯವರು ಮತ್ತೊಂದು ಭಾರವನ್ನು ಹೇರುತ್ತಾರೆ: ‘ಪೂರ್ವಜನ್ಮದ ಪಾಪ’, ‘ಬಸುರಿ ಗ್ರಹಣದಲ್ಲಿ ಹೊರಗೆ ಬಂದಳು’ ಎಂದು. ಗುರುಕೃಪೆಯಿಂದ ಆಣವ, ಮಾಯಾ, ಕಾರ್ಮಿಕವೆಂಬ ಮಲತ್ರಯಗಳು ನೀಗುವುವೆಂದು ನಂಬುವ ನಾವೇ, ಲಿಂಗವನ್ನು ಧರಿಸಿದ ಮಗುವಿನ ತಲೆಯ ಮೇಲೆ ಕರ್ಮದ ಗಂಟನ್ನು ಹೊರಿಸುವುದು ವಿಪರ್ಯಾಸವಲ್ಲವೇ? ಬುದ್ಧಿಮಾಂದ್ಯಕ್ಕೆ ಕಾರಣವಾಗುವ ಡೌನ್ ಲಕ್ಷಣವೆಂಬುದನ್ನೇ ನೋಡಿರಿ. ಅಂಥ ಮಕ್ಕಳ ಜೀವಕೋಶಗಳಲ್ಲಿ ಸಾಮಾನ್ಯವಾಗಿ 46ಕ್ಕೆ ಬದಲು 47 ವರ್ಣತಂತುಗಳಿರುವುದನ್ನು ವಿಜ್ಞಾನಿಗಳು 1959ರಲ್ಲಿಯೇ ಪ್ರಕಟಿಸಿದರು. ಗ್ರಹಣಕ್ಕೂ ಅದಕ್ಕೂ ಸಂಬಂಧವಿಲ್ಲ.

ಷಟ್‌ಸ್ಥಲಗಳಲ್ಲಿ ಮೂರನೆಯದು ಪ್ರಸಾದಿಸ್ಥಲ. ತನಗೆ ಬಂದುದೆಲ್ಲವನ್ನೂ ಶಿವನಿಗೆ ಅರ್ಪಿಸಿ, ಆತನ ಪ್ರಸಾದವೆಂದು ಸ್ವೀಕರಿಸುವವನು ಪ್ರಸಾದಿ. ಪಂಕ್ತಿಯಲ್ಲಿ ಕುಳಿತವನು ಪಕ್ಕದ ಎಲೆಯನ್ನು ನೋಡಿ ‘ಅವನಿಗೆ ಹೆಚ್ಚು ಬಡಿಸಿದಿರಿ’ ಎಂದರೆ ಅವನದು ಊಟವಾಯಿತೇ ಹೊರತು ಪ್ರಸಾದವಾಗಲಿಲ್ಲ. ಸಂಸ್ಕೃತದಲ್ಲಿ ಈ ಶಬ್ದಕ್ಕೆ ಇನ್ನೊಂದು ಅರ್ಥವೂ ಉಂಟು. ಕದಡಿದ ನೀರು ತಿಳಿಯಾಗುವುದೂ ಪ್ರಸಾದವೇ; ಮನಸ್ಸಿನ ಪ್ರಸನ್ನತೆಯೂ ಪ್ರಸಾದವೇ. ಸ್ವೀಕಾರಕ್ಕೂ ಆನಂದಕ್ಕೂ ನಮ್ಮ ಹಿರಿಯರಿಗೆ ಒಂದೇ ಪದ ಸಾಕಾಯಿತು.

ಇದು ಕೇವಲ ಶಾಸ್ತ್ರದ ಮಾತಲ್ಲವೆಂಬುದನ್ನು ಶಹಾಬಜಾರದ ಒಬ್ಬ ತಾಯಿಯಿಂದ ತಿಳಿದೆನು. ಅವಳ ಮಗನಿಗೆ ವಯಸ್ಸು ಹದಿನಾಲ್ಕಾದರೂ ಬುದ್ಧಿ ನಾಲ್ಕೈದು ವರ್ಷದ ಬಾಲಕನದು. ಮುಂಜಾನೆ ಅವನು ತಾಯಿಯ ಮಗ್ಗುಲಲ್ಲಿ ಕುಳಿತು ಮೊರದೊಳಗಿನ ತೊಗರಿಬೇಳೆಯಿಂದ ಹರಳುಗಳನ್ನು ಒಂದೊಂದಾಗಿ ಆರಿಸುವನು. ಒಂದು ಹರಳು ಸಿಕ್ಕರೆ ಮನೆಮಂದಿಗೆಲ್ಲ ತೋರಿಸಿ ಬರುವನು. ಹೀಗಾಗಿ ಒಂದು ಸೇರು ಬೇಳೆ ಹಸನಾಗಲು ಹೊತ್ತು ನೆತ್ತಿಗೇರುವುದು! ಬೇಸರವಾಗದೇ ತಾಯಿ ಎಂದು ಕೇಳಿದೆ. “ಮೊದ್ಲ ಭಾಳ ಅಳ್ತಿದ್ದೆ ಮಾಸ್ತರ್ರೇ. ಇವ್ನ ವಾರಗಿ ಹುಡುಗ್ರನ್ನ ನೋಡೋದು ಬಿಟ್ಟೆ ನೋಡ್ರಿ, ಅವತ್ತಿಂದ ಇಂವ ಕಾಣ್ಲತ್ತಾನ್ರಿ” ಎಂದಳು. ಪ್ರಸಾದ ಶಬ್ದಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಟೀಕೆಗಳಲ್ಲಿ ಓದಿಲ್ಲ. ಕಾಯಕಕ್ಕೆ ವೇಗವೇ ಪ್ರಮಾಣವೆಂದು ಯಾವ ಶರಣರೂ ಹೇಳಿಲ್ಲವಷ್ಟೆ.

ಇಂಥ ತಂದೆತಾಯಿಗಳಿಗೆ ಸಮಾಧಾನ ಹೇಳುವವರು ಗದುಗಿನ ಪುಟ್ಟರಾಜ ಗವಾಯಿಗಳವರ ಹೆಸರೆತ್ತುವುದುಂಟು. 1914ರಲ್ಲಿ ಹಾನಗಲ್ಲ ತಾಲ್ಲೂಕಿನ ದೇವಗಿರಿಯಲ್ಲಿ ಜನಿಸಿ, ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡ ಅವರು 2010ರಲ್ಲಿ ಪದ್ಮಭೂಷಣರಾದರು. ಸ್ಮರಣೀಯವಾದುದೇ ಸರಿ. ಆದರೆ ‘ನಿಮ್ಮ ಮಗುವಿನಲ್ಲಿಯೂ ಏನೋ ಅಡಗಿದ್ದೀತು, ಕಾಯಿರಿ’ ಎಂಬ ಉಪದೇಶ ನನಗೆ ಸಮ್ಮತವಲ್ಲ. ಬುದ್ಧಿಮಾಂದ್ಯವಿರುವ ಮಗು ವಿದ್ವಾಂಸನಾಗದೆ ಹೋಗಬಹುದು. ಕೀರ್ತಿಯನ್ನು ಕಾಯುತ್ತ ಕುಳಿತ ತಂದೆಯು ಇಂದಿನ ನಗೆಯನ್ನು ಕಳೆದುಕೊಳ್ಳುವನು. ಆ ಚರಿತ್ರೆಯಲ್ಲಿ ನಾವು ನೋಡಬೇಕಾದುದು ಬಾಲಕನನ್ನು ಸಾಕಿದ ಸೋದರಮಾವನನ್ನು, ಸ್ವತಃ ಅಂಧರಾಗಿದ್ದು ಅವನ ಕೈಹಿಡಿದ ಪಂಚಾಕ್ಷರ ಗವಾಯಿಗಳನ್ನು. ಪದ್ಮಭೂಷಣವು ಬಂದುದು ತೊಂಬತ್ತಾರರ ವಯಸ್ಸಿನಲ್ಲಿ. ಅವರು ಅವನನ್ನು ಸ್ವೀಕರಿಸಿದುದು ಅದಾವುದೂ ಕಾಣದಿದ್ದಾಗ.

ಹಾಗಾದರೆ ಪ್ರಸಾದವೆಂದು ಕೈಕಟ್ಟಿ ಕುಳಿತಿರಬೇಕೇ ಎಂದು ಕೆಲವರು ಶಂಕಿಸಬಹುದು. ಹಾಗಲ್ಲ. ಪ್ರಸಾದವನ್ನು ಚೆಲ್ಲಲಾಗದೆಂಬುದೂ ಪ್ರಸಾದಿಯ ನಿಯಮವೇ. ಮಾತು ತಡವಾದರೆ ಹರಕೆಯೊಂದನ್ನೇ ನಂಬಿ ವರ್ಷ ಕಳೆಯದೆ ವೈದ್ಯರಿಗೆ ತೋರಿಸಬೇಕು. ಎಳೆಯ ವಯಸ್ಸಿನ ತರಬೇತಿಯಿಂದ ಆಗುವಷ್ಟು ಅನುಕೂಲ ಮುಂದೆ ಆಗದು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ವೈಕಲ್ಯವು ಶೇಕಡಾ 40ಕ್ಕೆ ಕಡಿಮೆಯಿಲ್ಲವೆಂದು ಪ್ರಮಾಣಪತ್ರ ಪಡೆದ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕುಂಟು.

‘ನಮ್ಮ ತರುವಾಯ ಇವನನ್ನು ಯಾರು ನೋಡುವರು?’ ಎಂಬ ಚಿಂತೆ ಉಳಿದೇ ಇರುತ್ತದೆ. ಎಂಥ ಪ್ರಸಾದಿಯ ನಿದ್ದೆಯನ್ನೂ ಇದು ಕೆಡಿಸುವುದು. ಬುದ್ಧಿಮಾಂದ್ಯ, ಸ್ವಲೀನತೆ, ಮೆದುಳಿನ ಪಾರ್ಶ್ವವಾಯು, ಬಹುವಿಧ ವೈಕಲ್ಯ, ಇವುಳ್ಳವರಿಗೆ 18 ವರ್ಷ ತುಂಬಿದ ಮೇಲೆ ಪಾಲಕರನ್ನು ನೇಮಿಸಲು 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿ ಅವಕಾಶವಿದೆ. ಜಿಲ್ಲಾಧಿಕಾರಿಗಳ ನೇತೃತ್ವದ ಸ್ಥಳೀಯ ಸಮಿತಿಗೆ ಅರ್ಜಿ ಕೊಡಬೇಕು. ಕಾಗದದ ಕೆಲಸ ಇಷ್ಟು. ಮಿಕ್ಕುದು ಬಂಧುಗಳದು. ಅಣ್ಣತಮ್ಮಂದಿರು, ಅಕ್ಕತಂಗಿಯರು, ಸೋದರಮಾವಂದಿರು ಆ ಮಗುವಿಗೆ ಉಣಿಸುವ, ಜಳಕ ಮಾಡಿಸುವ, ಸಿಟ್ಟಾದಾಗ ಸಂತೈಸುವ ರೀತಿಯನ್ನು ತಾಯಿ ಇರುವಾಗಲೇ ಅವಳಿಂದ ಕಲಿತಿರಬೇಕು. ಹೋಳಿಹುಣ್ಣಿಮೆಯ ತರುವಾಯ ಶರಣಬಸವೇಶ್ವರರ ತೇರು ಎಳೆಯುವ ದಿನ ಅಂಥ ಮಗುವನ್ನು ಒಳಕೋಣೆಯಲ್ಲಿ ಕೂಡಿಸಿ, ತಾಯಿಯನ್ನೂ ಕಾವಲಿಗಿರಿಸಿ ಹೋಗುವ ಮನೆಗಳಿವೆ. ಒಬ್ಬ ಚಿಕ್ಕಪ್ಪನು ಅವನ ಕೈಹಿಡಿದು ಉತ್ತತ್ತಿ ಎಸೆಯುವುದನ್ನು ಕಲಿಸಿದರೆ, ತಾಯಿಯೂ ಆ ದಿನ ತೇರು ನೋಡಿಯಾಳು.