ಮೊಂಡು ಕತ್ತರಿಯ ಕೆಲಸ

ಪ್ರಶ್ನೆ: ಕ್ರಿಸ್ಪರ್ ಎಂದರೆ ಡಿಎನ್‌ಎ ಕತ್ತರಿಸುವ ಸಾಧನ ಎಂದು ಓದಿದ್ದೇನೆ. ಅದರಿಂದಲೇ ಪ್ರಯೋಗಾಲಯದ ಹುಳುಗಳಲ್ಲಿ ಜೀನ್‌ಗಳನ್ನು ಚಾಲೂ ಮಾಡುತ್ತಾರಂತೆ. ಕತ್ತರಿಸಿದರೆ ಜೀನ್ ಕೆಡಬೇಕಲ್ಲವೇ?

ಉತ್ತರ: ನಿಮ್ಮ ಅನುಮಾನ ಸರಿಯಾಗಿದೆ. ಅದಕ್ಕೇ ಈ ಕೆಲಸಕ್ಕೆ ಕತ್ತರಿಯ ಬಾಯನ್ನು ಮೊದಲೇ ಮೊಂಡು ಮಾಡಿರುತ್ತಾರೆ. ಕ್ರಿಸ್ಪರ್‌ನ ಕತ್ತರಿಯಾದ ಕ್ಯಾಸ್9 ಪ್ರೋಟೀನಿನಲ್ಲಿ ಎರಡು ಅಮೈನೊ ಆಮ್ಲಗಳನ್ನು ಬದಲಿಸಿದರೆ ಸಾಕು, ಕತ್ತರಿಸುವ ಶಕ್ತಿ ಹೋಗುತ್ತದೆ, ವಿಳಾಸ ಹುಡುಕುವ ಶಕ್ತಿ ಉಳಿಯುತ್ತದೆ. ಜೊತೆಗಿರುವ ಗೈಡ್ ಆರ್‌ಎನ್‌ಎಯ ಸುಮಾರು 20 ಅಕ್ಷರಗಳೇ ಆ ವಿಳಾಸ. ಮೊಂಡು ಕ್ಯಾಸ್9ಕ್ಕೆ ಪ್ರಚೋದಕ ತುಣುಕೊಂದನ್ನು ಕಟ್ಟಿ (ಹೆಚ್ಚು ಬಳಕೆಯಲ್ಲಿರುವ ವಿಪಿ64ರ ಮೂಲ ಹರ್ಪಿಸ್ ವೈರಸ್!) ಜೀನ್ ಶುರುವಾಗುವ ಜಾಗದ ತುಸು ಹಿಂದೆ ಕೂರಿಸಿದರೆ, ಜೀನನ್ನು ಓದುವ ಕಿಣ್ವಗಳನ್ನು ಅದು ಅಲ್ಲಿಗೆ ಕರೆತರುತ್ತದೆ. ಆ ಜೀನಿನ ಒಂದಕ್ಷರವೂ ಬದಲಾಗುವುದಿಲ್ಲ. ಹಾಗಾಗಿ ಇದನ್ನು 'ಜೀನ್ ತಿದ್ದುಪಡಿ' ಎನ್ನುವುದು ನನಗೇನೋ ಒಪ್ಪಿಗೆಯಿಲ್ಲ. ಸ್ವಿಚ್ ಎನ್ನುವುದಕ್ಕಿಂತ ಫ್ಯಾನಿನ ರೆಗ್ಯುಲೇಟರ್ ಎಂದರೆ ಹೆಚ್ಚು ಸರಿ.

ಇನ್ನು ಹುಳು. ಪ್ರಯೋಗಾಲಯದ ಆ ಹುಳು, ಸಿ. ಎಲಿಗನ್ಸ್‌ನ ಉದ್ದ ಸುಮಾರು 1 ಮಿಲಿಮೀಟರ್, ಮೈ ಗಾಜಿನಂತೆ ಪಾರದರ್ಶಕ. ಮೂರು-ನಾಲ್ಕು ದಿನಗಳಲ್ಲಿ ಮೊಟ್ಟೆಯಿಂದ ಬೆಳೆದು ತಾನೇ ಮೊಟ್ಟೆಯಿಡುತ್ತದೆ. ಯಾವ ಜೀವಕೋಶದಲ್ಲಿ ಜೀನ್ ಚಾಲೂ ಆಯಿತೆಂಬುದನ್ನು, ಹೊಳೆಯುವ ಹಸಿರು ಪ್ರೋಟೀನಿನ ನೆರವಿನಿಂದ, ಬದುಕಿರುವ ಹುಳುವಿನಲ್ಲೇ ನೋಡಬಹುದು.

ಈ ಹುಳುವಿನಲ್ಲಿ ಜೀನನ್ನು ಆಫ್ ಮಾಡುವುದು ಬಹಳ ಸುಲಭ. ಆಂಡ್ರೂ ಫೈರ್ ಮತ್ತು ಕ್ರೇಗ್ ಮೆಲ್ಲೊ 1998ರಲ್ಲಿ ತೋರಿಸಿದ ಆರ್‌ಎನ್‌ಎ ತಂತ್ರದಿಂದ, ತಕ್ಕ ಆರ್‌ಎನ್‌ಎ ಹೊತ್ತ ಬ್ಯಾಕ್ಟೀರಿಯಾ ತಿನ್ನಿಸಿದರೂ ಜೀನ್ ಮೌನವಾಗುತ್ತದೆ. ಆದರೆ ಆಫ್ ಮಾಡಿದ ಮಾತ್ರಕ್ಕೆ ಅದರ ಕೆಲಸ ತಿಳಿಯಲೇಬೇಕೆಂದಿಲ್ಲ. ಮನೆಯಲ್ಲಿ ಒಬ್ಬರು ಊರಿಗೆ ಹೋದರೂ ಇನ್ನೊಬ್ಬರು ಅಡುಗೆ ಮಾಡಿಬಿಡುತ್ತಾರಲ್ಲ, ಹಾಗೆ ಒಂದು ಜೀನಿನ ಕೆಲಸವನ್ನು ಅದರ ಬಂಧು ಜೀನ್ ಸರಿದೂಗಿಸಿಬಿಡಬಹುದು. ಆಗ ಆ ಮೊದಲ ಜೀನಿನ ಕೆಲಸವನ್ನು ಹೆಚ್ಚಿಸಿ ನೋಡುವುದು ಒಂದು ದಾರಿ.

ತೊಡಕೂ ಉಂಟು. ಈ ಹುಳುವಿನ ಬಹುಪಾಲು ಜೀನ್‌ಗಳ ಆರ್‌ಎನ್‌ಎ ತಯಾರಾಗುತ್ತಿದ್ದಂತೆ ಅದರ ಮುಂತುದಿ ಕಳಚಿ, ಆ ಜಾಗಕ್ಕೆ ಬೇರೊಂದು ಪುಟ್ಟ ಆರ್‌ಎನ್‌ಎ ಚೂರು ಅಂಟಿಕೊಳ್ಳುತ್ತದೆ. ಓದು ಎಲ್ಲಿ ಶುರುವಾಗಿತ್ತೆಂಬ ಗುರುತೇ ಅಳಿಸಿಹೋದ ಮೇಲೆ ಮೊಂಡು ಕತ್ತರಿಯನ್ನು ಎಲ್ಲಿ ಕೂರಿಸುವುದು? ಸಾಲದ್ದಕ್ಕೆ, ಅಂಡ-ವೀರ್ಯ ತಯಾರಿಸುವ ಜೀವಕೋಶಗಳು ಹೊರಗಿನಿಂದ ಬಂದ ಜೀನಿನ, ಅಂದರೆ ಈ ಸಾಧನದ್ದೇ, ಬಾಯಿಯನ್ನು ಹಲವು ಬಾರಿ ಮುಚ್ಚಿಸಿಬಿಡುತ್ತವೆ.

ನಿಮ್ಮ ಕಾಲೇಜಿನಲ್ಲಿ ಸೂಕ್ಷ್ಮದರ್ಶಕವಿದ್ದರೆ ಕೊಳೆತ ಹಣ್ಣಿನ ಚೂರೊಂದನ್ನು ನೀರಿನಲ್ಲಿ ಕದಡಿ ನೋಡಿ. ಸಿ. ಎಲಿಗನ್ಸ್ ಅಲ್ಲದಿದ್ದರೂ ಅದರ ನೆಂಟರು ಯಾರಾದರೂ ಹೊರಳಾಡುತ್ತಿದ್ದಾರು.